ಬಂದೂಕಿನಿಂದ ಮತಪೆಟ್ಟಿಗೆಗೆ: ಪೋರ್ಚುಗಲ್ ನಡೆದ ದಾರಿ

1961ರ ಡಿಸೆಂಬರ್ 19ರಂದು ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಭಾರತೀಯ ಸೇನೆಗೆ ಶರಣಾದರು. ನಾಲ್ಕೂವರೆ ಶತಮಾನಗಳ ಪರಂಗಿ ಆಳ್ವಿಕೆ ಎರಡೇ ದಿನಗಳ ಕಾರ್ಯಾಚರಣೆಯಲ್ಲಿ ಮುಗಿದುಹೋಯಿತು. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವೂ ಭಾರತದ ಕೈಸೇರಿತು. ಆದರೆ ಲಿಸ್ಬನ್ ನಗರದ ರಾಷ್ಟ್ರೀಯ ಸಭೆಗೆ ಈ ಸುದ್ದಿ ತಲುಪಿದಂತೆ ಕಾಣಲಿಲ್ಲ. 1974ರವರೆಗೂ ಆ ಸಭೆಯಲ್ಲಿ 'ಪೋರ್ಚುಗೀಸ್ ಭಾರತ'ಕ್ಕೆ ಪ್ರಾತಿನಿಧ್ಯ ಮುಂದುವರಿದಿತ್ತು. ಮತದಾರರಿಲ್ಲ, ಮತಗಟ್ಟೆಯಿಲ್ಲ, ಕಾಲಡಿಯ ನೆಲವೇ ಇಲ್ಲ. ಪ್ರತಿನಿಧಿ ಮಾತ್ರ ಇದ್ದ.

ಇಂದು ಕೇಳಿದರೆ ನಗು ಬರಬಹುದು. ಆದರೆ ಆಗಿನ ಪೋರ್ಚುಗಲ್‌ನಲ್ಲಿ ಗೋವಾದ ಪ್ರತಿನಿಧಿಗೂ ಲಿಸ್ಬನ್ನಿನ ಪ್ರತಿನಿಧಿಗೂ ಅಂತಹ ವ್ಯತ್ಯಾಸವೇನೂ ಇರಲಿಲ್ಲ. ಇಬ್ಬರನ್ನೂ ಜನ ಆರಿಸಿ ಕಳಿಸಿರಲಿಲ್ಲ. ಇಬ್ಬರೂ ಒಬ್ಬನೇ ವ್ಯಕ್ತಿಯ ಕೃಪೆಯಿಂದ ಆಸನದಲ್ಲಿ ಕುಳಿತವರು. ಆ ವ್ಯಕ್ತಿ ಆಂಟೋನಿಯೊ ಸಲಾಜಾರ್.

ಸಲಾಜಾರ್ ಸೇನಾನಿಯಲ್ಲ, ಕೊಯಿಂಬ್ರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1926ರ ಸೇನಾ ದಂಗೆಯ ನಂತರ ದೇಶದ ಹಣಕಾಸು ನೆಟ್ಟಗೆ ಮಾಡಲೆಂದು ದಂಡನಾಯಕರು 1928ರಲ್ಲಿ ಅವರನ್ನು ಕರೆತಂದರು. ಲೆಕ್ಕ ಸರಿಪಡಿಸಲು ಬಂದವರು 1932ರಲ್ಲಿ ಪ್ರಧಾನಿಯಾದರು. ಮರುವರ್ಷ 'ಹೊಸ ರಾಜ್ಯ' ಎಂಬ ಹೆಸರಿನ ವ್ಯವಸ್ಥೆಗೆ ಸಂವಿಧಾನವನ್ನೂ ಬರೆಸಿದರು. ಅದರಲ್ಲಿ ಸಂಸತ್ತು ಇತ್ತು, ಚುನಾವಣೆಯೂ ಇತ್ತು. ಹೆದರಿಸುವುದಕ್ಕೆ 'ಪಿಡೆ' ಎಂಬ ಗುಪ್ತ ಪೊಲೀಸ್ ದಳವೂ ಬಂತು. ಆದ್ದರಿಂದ ಚುನಾವಣೆಗಳ ಫಲಿತಾಂಶದಲ್ಲಿ ಏರುಪೇರು ಆಗುತ್ತಿರಲಿಲ್ಲ. ಪ್ರತಿಸಲವೂ ಸರ್ಕಾರದ 'ರಾಷ್ಟ್ರೀಯ ಒಕ್ಕೂಟ'ಕ್ಕೆ ಎಲ್ಲ ಸ್ಥಾನಗಳು.

ಎರಡನೇ ಮಹಾಯುದ್ಧ ಮುಗಿದು ಹಿಟ್ಲರ್, ಮುಸೊಲಿನಿ ಅಳಿದ ಮೇಲೆ, 1945ರಲ್ಲಿ, ಸಲಾಜಾರ್ ಇಂಗ್ಲೆಂಡಿನಷ್ಟೇ ಮುಕ್ತ ಚುನಾವಣೆ ನಡೆಸುವುದಾಗಿ ಸಾರಿದರು. ವಿರೋಧಿಗಳು ನಂಬಿದರು. ಚುನಾವಣೆಯನ್ನು ತುಸು ಮುಂದೂಡಿ, ಮತದಾರರ ಪಟ್ಟಿ ಸರಿಪಡಿಸಿ ಎಂದು ಸಾವಿರಾರು ಜನರ ಸಹಿ ಸಂಗ್ರಹಿಸಿದರು. ಸಹಿಗಳು ನಿಜವೇ ಎಂದು ಪರಿಶೀಲಿಸಬೇಕು ಎಂದು ಹೇಳಿ ಸರ್ಕಾರ ಆ ಪಟ್ಟಿಗಳನ್ನು ತರಿಸಿಕೊಂಡಿತು. ಸಹಿ ಹಾಕಿದವರಲ್ಲಿ ಅನೇಕರು ಕೆಲಸ ಕಳೆದುಕೊಂಡರು, ಕೆಲವರು ಜೈಲು ಸೇರಿದರು. ವಿರೋಧಿಗಳು ಕಣದಿಂದ ಹಿಂದೆ ಸರಿದರು.

ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು 1958ರ ಅಧ್ಯಕ್ಷ ಚುನಾವಣೆಯಲ್ಲಿ. ವಾಯುಪಡೆಯ ಜನರಲ್ ಹುಂಬರ್ಟೊ ಡೆಲ್ಗಾಡೊ ಸರ್ಕಾರಿ ಅಭ್ಯರ್ಥಿಯ ವಿರುದ್ಧ ನಿಂತರು. ಗೆದ್ದರೆ ಸಲಾಜಾರರನ್ನು ಏನು ಮಾಡುತ್ತೀರಿ ಎಂದು ಪತ್ರಕರ್ತರು ಕೇಳಿದಾಗ, ವಜಾ ಮಾಡುತ್ತೇನೆ, ಅದರಲ್ಲೇನಿದೆ ಎಂದರು. ಮೂವತ್ತು ವರ್ಷಗಳಿಂದ ಯಾರೂ ಆಡದ ಮಾತು ಅದು. ಅವರು ಹೋದಲ್ಲೆಲ್ಲ ಜನ ಕಿಕ್ಕಿರಿದರು. ಎಣಿಕೆ ಮುಗಿದಾಗ ಅವರಿಗೆ ಸಿಕ್ಕಿದ್ದು ಸುಮಾರು ನಾಲ್ಕನೇ ಒಂದು ಭಾಗದ ಮತಗಳೆಂದು ಸರ್ಕಾರ ಹೇಳಿತು. ಎಣಿಸಿದವರು ಯಾರು ಎಂಬುದನ್ನು ಯಾರೂ ಕೇಳುವಂತಿರಲಿಲ್ಲ. ಅಷ್ಟಾದರೂ ಸಲಾಜಾರರಿಗೆ ಧೈರ್ಯ ಸಾಲಲಿಲ್ಲ. ಮರುವರ್ಷವೇ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವ ಪದ್ಧತಿಯನ್ನು ತೆಗೆದುಹಾಕಿದರು. ಡೆಲ್ಗಾಡೊ ದೇಶಭ್ರಷ್ಟರಾದರು. 1965ರ ಫೆಬ್ರುವರಿಯಲ್ಲಿ ಪಿಡೆಯ ಜನ ಅವರನ್ನು ಸ್ಪೇನ್ ಗಡಿಯ ಬಳಿ ಉಪಾಯವಾಗಿ ಕರೆಸಿಕೊಂಡು ಕೊಂದರು.

ಸಲಾಜಾರರನ್ನು ಕೊನೆಗೂ ಕುರ್ಚಿಯಿಂದ ಇಳಿಸಿದ್ದು ಕುರ್ಚಿಯೇ. ಇದು ಅಲಂಕಾರದ ಮಾತಲ್ಲ. 1968ರ ಆಗಸ್ಟ್‌ನಲ್ಲಿ ಅವರು ಕುಳಿತಿದ್ದ ಕುರ್ಚಿ ಮುರಿದು ಬಿದ್ದು ತಲೆಗೆ ಪೆಟ್ಟಾಯಿತು. ಮಿದುಳಿಗೆ ಆಘಾತವಾಗಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಾರ್ಸೆಲೊ ಕಯೆಟಾನೊ ಪ್ರಧಾನಿಯಾದರು. 1970ರ ಜುಲೈನಲ್ಲಿ ಸಾಯುವವರೆಗೂ ಸಲಾಜಾರರಿಗೆ ತಾವು ಪ್ರಧಾನಿಯಲ್ಲ ಎಂಬ ಸಂಗತಿಯನ್ನು ಸುತ್ತಲಿನವರು ಹೇಳಲೇ ಇಲ್ಲವಂತೆ. ಇಲ್ಲದ ಗೋವಾಕ್ಕೆ ಪ್ರತಿನಿಧಿಯನ್ನಿಟ್ಟ ರಾಜ್ಯಕ್ಕೆ ಅದೇನು ದೊಡ್ಡ ಕೆಲಸವಾಗಿರಲಿಲ್ಲ.

ಕ್ಯಾಪ್ಟನ್ನರ ಬಂಡಾಯ

ಗೋವಾ ಹೋದ ವರ್ಷವೇ ಅಂಗೋಲದಲ್ಲಿ ಬಂಡಾಯ ಶುರುವಾಗಿತ್ತು. 1963ರಲ್ಲಿ ಗಿನಿ, 1964ರಲ್ಲಿ ಮೊಜಾಂಬಿಕ್ ಕೂಡ ಹೊತ್ತಿಕೊಂಡವು. ಹದಿಮೂರು ವರ್ಷ ಪೋರ್ಚುಗಲ್ ಮೂರು ಕಡೆ ಕಾದಾಡಿತು. ಸೇನೆಗೆ ಹೋಗುವ ವಯಸ್ಸಿನ ಹುಡುಗರು ಗಡಿ ದಾಟಿ ಓಡಿಹೋಗುತ್ತಿದ್ದರು. ಹೊಟ್ಟೆಪಾಡಿಗೆ ಫ್ರಾನ್ಸ್ ಮುಂತಾದೆಡೆ ಹೋದವರನ್ನೂ ಸೇರಿಸಿದರೆ, ಒಂದು ಕೋಟಿಯೂ ಇಲ್ಲದ ಜನಸಂಖ್ಯೆಯಲ್ಲಿ ಆ ಅವಧಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು.

ಈ ಯುದ್ಧ ಗೆಲ್ಲುವಂತಹದ್ದಲ್ಲ ಎಂಬುದು ಮೊದಲು ಅರ್ಥವಾದದ್ದು ಕಾಡಿನಲ್ಲಿ ಕಾದಾಡುತ್ತಿದ್ದ ಕ್ಯಾಪ್ಟನ್, ಮೇಜರ್ ದರ್ಜೆಯ ಅಧಿಕಾರಿಗಳಿಗೆ. ಅವರು ಗುಂಪುಗೂಡಲು ಕಾರಣವಾದ ಮೊದಲ ಸಂಗತಿ ಮಾತ್ರ ಅಷ್ಟು ಉದಾತ್ತವಾದದ್ದಲ್ಲ. ತಾತ್ಕಾಲಿಕ ಅಧಿಕಾರಿಗಳಿಗೆ ಬಡ್ತಿಯಲ್ಲಿ ಅನುಕೂಲ ಮಾಡಿಕೊಡುವ ಆಜ್ಞೆಯೊಂದು 1973ರಲ್ಲಿ ಹೊರಟಿತು. ಖಾಯಂ ಅಧಿಕಾರಿಗಳು ಸಿಟ್ಟಿಗೆದ್ದರು. ಬಡ್ತಿಯ ತಕರಾರು ಕೆಲವೇ ತಿಂಗಳಲ್ಲಿ 'ಸಶಸ್ತ್ರ ಪಡೆಗಳ ಚಳವಳಿ'ಯಾಗಿ ಬೆಳೆಯಿತು.

1974ರ ಏಪ್ರಿಲ್ 25ರ ನಡುರಾತ್ರಿ ದಾಟಿ ಇಪ್ಪತ್ತು ನಿಮಿಷಕ್ಕೆ ರೇಡಿಯೊದಲ್ಲಿ 'ಗ್ರಾಂಡೊಲ' ಎಂಬ ಹಾಡು ಕೇಳಿಬಂತು. ಅದೇ ಸಂಕೇತ. ಬೆಳಗಾಗುವಷ್ಟರಲ್ಲಿ ಟ್ಯಾಂಕುಗಳು ಲಿಸ್ಬನ್ ಹೊಕ್ಕಿದ್ದವು. ಮನೆಯಿಂದ ಹೊರಗೆ ಬರಬೇಡಿ ಎಂದು ಬಂಡಾಯಗಾರರೇ ರೇಡಿಯೊದಲ್ಲಿ ಮತ್ತೆ ಮತ್ತೆ ಕೇಳಿಕೊಂಡರು; ಜನ ಕೇಳಲಿಲ್ಲ. ಬೀದಿಗಿಳಿದು ಸೈನಿಕರಿಗೆ ಕೆಂಪು ಕಾರ್ನೇಷನ್ ಹೂ ಕೊಟ್ಟರು, ಸೈನಿಕರು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡರು. ಕಾರ್ಮೊ ಚೌಕದ ಸೇನಾ ಠಾಣೆಯಲ್ಲಿ ಅಡಗಿದ್ದ ಕಯೆಟಾನೊ, ಅಧಿಕಾರ ಬೀದಿಪಾಲಾಗಬಾರದು, ಯಾರಾದರೂ ಜನರಲ್ ಬರಲಿ ಎಂದು ಹಟ ಹಿಡಿದು, ಜನರಲ್ ಸ್ಪಿನೊಲಾ ಬಂದ ಮೇಲೆ ಶರಣಾದರು. ಆ ದಿನ ಗುಂಡು ಹಾರಿಸಿ ನಾಲ್ವರನ್ನು ಕೊಂದವರು ಗುಪ್ತ ಪೊಲೀಸರು.

ಹೊಸ ಸರ್ಕಾರ ವಸಾಹತುಗಳಿಂದ ಹೊರಬರುವ ಕೆಲಸಕ್ಕೆ ಕೈಹಾಕಿತು. 1974ರ ಡಿಸೆಂಬರ್ 31ರಂದು ವಿದೇಶಾಂಗ ಸಚಿವ ಮಾರಿಯೊ ಸೋರೆಸ್ ದೆಹಲಿಗೆ ಬಂದು ವೈ. ಬಿ. ಚವಾಣ್ ಅವರ ಜತೆ ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿಕೊಂಡಿತು, ಹದಿಮೂರು ವರ್ಷ ತಡವಾಗಿ. ಕೊನೆಯ ಉಸಿರಿನ ತನಕ ಕಾದಾಡಿ ಎಂಬ ಸಲಾಜಾರರ ಆಜ್ಞೆ ಮೀರಿ ಶರಣಾಗಿದ್ದ ವಸ್ಸಾಲೊ ಇ ಸಿಲ್ವಾ ಸೇನೆಯಿಂದ ಉಚ್ಚಾಟಿತರಾಗಿದ್ದರು. ಅವರಿಗೂ ಗೌರವ ಮರಳಿತು.

ಶೇ. 91.7

ಬಂಡಾಯ ಮಾಡಿದವರು ಒಂದು ವರ್ಷದೊಳಗೆ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಸುವುದಾಗಿ ಮಾತು ಕೊಟ್ಟಿದ್ದರು. ಜಗತ್ತಿನಲ್ಲಿ ಇಂತಹ ಮಾತು ಕೊಡದ ಸೇನಾಧಿಕಾರಿಗಳು ಅಪರೂಪ, ಉಳಿಸಿಕೊಂಡವರು ಇನ್ನೂ ಅಪರೂಪ. ಪೋರ್ಚುಗಲ್‌ನಲ್ಲೂ ಅದು ಉಳಿಯುವ ಲಕ್ಷಣ ಕಾಣುತ್ತಿರಲಿಲ್ಲ. ಅಧ್ಯಕ್ಷರಾಗಿದ್ದ ಸ್ಪಿನೊಲಾ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 1975ರ ಮಾರ್ಚ್ 11ರಂದು ಅವರ ಬೆಂಬಲಿಗರು ನಡೆಸಿದ ದಂಗೆ ವಿಫಲವಾಯಿತು. ಅದರ ಬೆನ್ನಿಗೇ ಎಡಪಂಥೀಯ ಅಧಿಕಾರಿಗಳ ಕೈ ಮೇಲಾಗಿ ಬ್ಯಾಂಕುಗಳೂ ವಿಮಾ ಕಂಪೆನಿಗಳೂ ರಾಷ್ಟ್ರೀಕರಣಗೊಂಡವು; ಸೇನಾಧಿಕಾರಿಗಳ 'ಕ್ರಾಂತಿ ಮಂಡಳಿ' ಅಸ್ತಿತ್ವಕ್ಕೆ ಬಂತು. ಕ್ರಾಂತಿ ಇರುವಾಗ ಚುನಾವಣೆ ಯಾತಕ್ಕೆ ಎಂಬ ಮಾತು ಎದ್ದಿತು.

ಚುನಾವಣೆ ನಿಲ್ಲಲಿಲ್ಲ. ಆದರೆ ಅದಕ್ಕೊಂದು ಲಗಾಮು ಬಿತ್ತು. ಏಪ್ರಿಲ್ 11ರಂದು ಸೇನೆ ಮುಖ್ಯ ಪಕ್ಷಗಳಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಯಾರೇ ಗೆದ್ದರೂ ಕ್ರಾಂತಿ ಮಂಡಳಿ ಕೆಲವು ವರ್ಷ ಇರುತ್ತದೆ. ಆರಿಸಿ ಬಂದವರು ಸಂವಿಧಾನ ಬರೆಯಬೇಕೇ ಹೊರತು ಸರ್ಕಾರ ರಚಿಸುವಂತಿಲ್ಲ. ಮೂರು ಸಣ್ಣ ಪಕ್ಷಗಳನ್ನು ಕಣದಿಂದಲೇ ಹೊರಗಿಟ್ಟರು. ಅಂದರೆ ಇದು ಕುಂದಿಲ್ಲದ ಚುನಾವಣೆಯಾಗಿರಲಿಲ್ಲ. ಯಾರನ್ನು ಆರಿಸಬೇಕೆಂದು ತೋಚದವರು ಖಾಲಿ ಮತಪತ್ರ ಹಾಕಬಹುದು ಎಂದು ಕೆಲವು ಸೇನಾಧಿಕಾರಿಗಳು ಉಪದೇಶವನ್ನೂ ಮಾಡಿದರು. ಖಾಲಿ ಪತ್ರಗಳು ರಾಶಿ ಬಿದ್ದರೆ ಅದನ್ನು ತಮ್ಮ ಮತವೆಂದು ತೋರಿಸಿಕೊಳ್ಳಬಹುದೆಂಬ ಲೆಕ್ಕ.

ಇಷ್ಟೆಲ್ಲದರ ನಡುವೆ ಗದ್ದಲವಿಲ್ಲದೆ ನಡೆದ ಕೆಲಸವೆಂದರೆ ಮತದಾರರ ಪಟ್ಟಿಯದು. 1969ರ ಪಟ್ಟಿಯಲ್ಲಿ ಇದ್ದ ಹೆಸರು ಸುಮಾರು 18 ಲಕ್ಷ. ಮತದಾನದ ವಯಸ್ಸನ್ನು 18ಕ್ಕಿಳಿಸಿ, ಅಕ್ಷರ ಬಾರದವರಿಗೂ ಎಲ್ಲ ಹೆಂಗಸರಿಗೂ ಸಮಾನ ಹಕ್ಕು ಕೊಟ್ಟು ಹೊಸದಾಗಿ ಬರೆದಾಗ ಅದು 62 ಲಕ್ಷವಾಯಿತು. ಸಲಾಜಾರರ ವ್ಯವಸ್ಥೆ ಜನರ ಮತವನ್ನು ಕದಿಯುವುದಕ್ಕಿಂತ ಹೆಚ್ಚಾಗಿ ಜನರನ್ನೇ ಪಟ್ಟಿಯಿಂದ ದೂರ ಇಟ್ಟಿತ್ತು ಎಂಬುದು ಆಗ ಬಯಲಾಯಿತು. 1970ರ ವೇಳೆಗೂ ನಾಲ್ಕರಲ್ಲಿ ಒಬ್ಬರಿಗೆ ಓದುಬರಹ ಬಾರದಿದ್ದ ಆ ದೇಶದಲ್ಲಿ ಮತಪತ್ರದ ಮೇಲೆ ಪಕ್ಷಗಳ ಚಿಹ್ನೆಗಳನ್ನು ಅಚ್ಚುಹಾಕಲಾಯಿತು. ಸೋಷಲಿಸ್ಟರದು ಎತ್ತಿದ ಮುಷ್ಟಿ, ಕಮ್ಯುನಿಸ್ಟರದು ಕತ್ತಿ ಸುತ್ತಿಗೆ, ಪಾಪ್ಯುಲರ್ ಡೆಮಾಕ್ರಟರದು ಮೇಲ್ಮುಖವಾದ ಮೂರು ಬಾಣ. 1952ರಿಂದ ಜೋಡೆತ್ತು, ಗುಡಿಸಲು ನೋಡಿ ಮತ ಹಾಕಿದ ಭಾರತದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

1975ರ ಏಪ್ರಿಲ್ 25. ಬಂಡಾಯ ನಡೆದು ಸರಿಯಾಗಿ ಒಂದು ವರ್ಷ. ಲಿಸ್ಬನ್ನಿನಲ್ಲೂ ಉತ್ತರದ ಹಳ್ಳಿಗಳಲ್ಲೂ ಮತಗಟ್ಟೆಗಳ ಮುಂದೆ ಉದ್ದುದ್ದ ಸಾಲುಗಳು ನಿಂತವು. ಮತ ಹಾಕಿದವರು 57 ಲಕ್ಷ ಮಂದಿ, ಅಂದರೆ ಶೇ. 91.7. ಖಾಲಿ ಮತ್ತು ಕುಲಗೆಟ್ಟ ಮತಗಳು ಎರಡೂ ಸೇರಿ ಶೇ. 7ರ ಆಸುಪಾಸು. 250 ಸ್ಥಾನಗಳಲ್ಲಿ ಸೋರೆಸ್ ಅವರ ಸೋಷಲಿಸ್ಟ್ ಪಕ್ಷಕ್ಕೆ 116, ಸಾ ಕಾರ್ನೆರೊ ಅವರ ಪಾಪ್ಯುಲರ್ ಡೆಮಾಕ್ರಟರಿಗೆ 81. ಬೀದಿಯಲ್ಲಿ, ಕಾರ್ಖಾನೆಯಲ್ಲಿ, ಬ್ಯಾರಕ್ಕಿನಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಕಮ್ಯುನಿಸ್ಟ್ ಪಕ್ಷಕ್ಕೆ ಸಿಕ್ಕಿದ್ದು ಶೇ. 12.5 ಮತ, 30 ಸ್ಥಾನ.

ಆ ಸಭೆಗೆ ಸರ್ಕಾರ ರಚಿಸುವ ಅಧಿಕಾರ ಇರಲಿಲ್ಲ, ನಿಜ. ಆದರೆ ಒಂದು ಲೆಕ್ಕ ಹೊರಬಿದ್ದಿತ್ತು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಜನರ ಹೆಸರಿನಲ್ಲಿ ಮಾತಾಡುತ್ತಿದ್ದರು; ಯಾರ ಹಿಂದೆ ಎಷ್ಟು ಜನ ಎಂಬುದು ಯಾರಿಗೂ ತಿಳಿದಿರಲಿಲ್ಲ. ಇನ್ನು ಮೇಲೆ ತಿಳಿದಿತ್ತು.

ಮುತ್ತಿಗೆಯ ದಿನಗಳು

ಆ ವರ್ಷದ ಬೇಸಿಗೆಯನ್ನು ಪೋರ್ಚುಗೀಸರು 'ಬಿಸಿ ಬೇಸಿಗೆ' ಎಂದೇ ನೆನೆಯುತ್ತಾರೆ. ದಕ್ಷಿಣದ ಅಲೆಂತೆಜೊ ಬಯಲಿನಲ್ಲಿ ಕೂಲಿಗಳು ಜಮೀನ್ದಾರರ ಭೂಮಿ ವಶಪಡಿಸಿಕೊಂಡರು. ಉತ್ತರದಲ್ಲಿ ಸಣ್ಣ ಹಿಡುವಳಿದಾರರೂ ಚರ್ಚಿನ ಭಕ್ತರೂ ಇದ್ದ ಊರುಗಳಲ್ಲಿ ಕಮ್ಯುನಿಸ್ಟ್ ಕಚೇರಿಗಳಿಗೆ ಬೆಂಕಿ ಬಿತ್ತು. 'ರಿಪಬ್ಲಿಕಾ' ಪತ್ರಿಕೆಯ ಅಚ್ಚಿನ ಕೆಲಸಗಾರರು ಸೋಷಲಿಸ್ಟ್ ಒಲವಿನ ಸಂಪಾದಕರನ್ನು ಹೊರಗೆ ಹಾಕಿದರು. ಇದನ್ನು ಪ್ರತಿಭಟಿಸಿ ಸೋರೆಸ್ ಪಕ್ಷ ಜುಲೈನಲ್ಲಿ ಸರ್ಕಾರ ತೊರೆಯಿತು. ಸಾಲದ್ದಕ್ಕೆ ಆಫ್ರಿಕದಿಂದ ಸುಮಾರು ಐದು ಲಕ್ಷ ನಿರಾಶ್ರಿತರು, ಹೆಚ್ಚಿನವರು ಬರಿಗೈಯಲ್ಲಿ, ಬಂದಿಳಿದರು.

ನವೆಂಬರ್ 6ರ ರಾತ್ರಿ ಸೋರೆಸ್ ಮತ್ತು ಕಮ್ಯುನಿಸ್ಟ್ ನಾಯಕ ಆಲ್ವಾರೊ ಕುನ್ಯಾಲ್ ಟೆಲಿವಿಷನ್‌ನಲ್ಲಿ ಮುಖಾಮುಖಿಯಾದರು. ಕುನ್ಯಾಲ್ ಸಲಾಜಾರರ ಜೈಲಿನಲ್ಲಿ ಹನ್ನೊಂದು ವರ್ಷ ಕಳೆದು, 1960ರ ಜನವರಿಯಲ್ಲಿ ಪೆನಿಷ್ ಕೋಟೆಯಿಂದ ತಪ್ಪಿಸಿಕೊಂಡವರು. ಸೋರೆಸ್ ಕೂಡ ಜೈಲು, ಗಡೀಪಾರು ಎರಡನ್ನೂ ಕಂಡವರು. ಇನ್ನೊಂದು ಸಂಬಂಧವೂ ಇತ್ತು: ಸೋರೆಸ್ ತಂದೆ ನಡೆಸುತ್ತಿದ್ದ ಶಾಲೆಯಲ್ಲಿ ಕುನ್ಯಾಲ್ ಮೇಷ್ಟರಾಗಿದ್ದರು, ಸೋರೆಸ್ ಅವರ ಶಿಷ್ಯ. ಗುರುಶಿಷ್ಯರ ಚರ್ಚೆ ನಾಲ್ಕು ಗಂಟೆಗಳ ಹತ್ತಿರ ನಡೆಯಿತು. ನೀವು ಸರ್ವಾಧಿಕಾರ ತರಲು ಹೊರಟಿದ್ದೀರಿ ಎಂದು ಶಿಷ್ಯ ಆರೋಪಿಸಿದಾಗ ಹಾಗೇನಿಲ್ಲ ಡಾಕ್ಟರೇ, ಹಾಗೇನಿಲ್ಲ ಎಂದು ಗುರು ನಸುನಗುತ್ತ ಹೇಳಿದ ಮಾತು ಆ ದೇಶದಲ್ಲಿ ಗಾದೆಯಂತೆ ಉಳಿದುಕೊಂಡಿದೆ.

ಅದಾದ ಒಂದು ವಾರದೊಳಗೆ, ನವೆಂಬರ್ 12ರಂದು, ಕೂಲಿ ಹೆಚ್ಚಳ ಕೇಳಿ ಕಟ್ಟಡ ಕಾರ್ಮಿಕರು ಸಂಸತ್ತು ಸೇರುವ ಸಾವೊ ಬೆಂಟೊ ಅರಮನೆಗೆ ಮುತ್ತಿಗೆ ಹಾಕಿದರು. ಸಂವಿಧಾನ ಬರೆಯುತ್ತಿದ್ದ ಸದಸ್ಯರೂ ಪ್ರಧಾನಿ ಪಿನ್ಯೇರೊ ದೆ ಅಜೆವೆಡೊ ಅವರೂ ಸುಮಾರು ಒಂದೂವರೆ ದಿನ ಒಳಗೇ ಸಿಕ್ಕಿಕೊಂಡರು. ಬಿಡಿಸಲು ಸೇನೆ ಬರಲಿಲ್ಲ. ಯಾವ ದಳ ಯಾರ ಮಾತು ಕೇಳುತ್ತದೆ ಎಂಬುದೇ ಗೊತ್ತಿಲ್ಲದ ಸ್ಥಿತಿ. ಕಾರ್ಮಿಕರ ಬೇಡಿಕೆಗೆ ಒಪ್ಪಿದ ಪ್ರಧಾನಿ ಕೆಲವು ದಿನಗಳ ನಂತರ ತಮ್ಮ ಸರ್ಕಾರವೇ ಮುಷ್ಕರ ಹೂಡುತ್ತಿದೆ ಎಂದು ಪ್ರಕಟಿಸಿದರು. ಸೇನೆ ಮಾತು ಕೇಳುವವರೆಗೂ ಕೆಲಸ ಮಾಡುವುದಿಲ್ಲವಂತೆ! ಸರ್ಕಾರವೊಂದು ಮುಷ್ಕರ ಹೂಡಿದ ಉದಾಹರಣೆ ಜಗತ್ತಿನ ಇತಿಹಾಸದಲ್ಲಿ ಹೆಚ್ಚು ಸಿಗಲಾರದು.

ನವೆಂಬರ್ 25ರಂದು ತೀವ್ರ ಎಡಪಂಥೀಯ ಪ್ಯಾರಾಟ್ರೂಪರುಗಳು ವಾಯುನೆಲೆಗಳನ್ನು ಹಿಡಿದರು. ಕರ್ನಲ್ ರಮಾಲ್ಯೊ ಇಯಾನೆಸ್ ಯೋಜನೆಯಂತೆ ಕಮಾಂಡೊಗಳು ಅದನ್ನು ಹತ್ತಿಕ್ಕಿದರು. ಸತ್ತವರು ಬೆರಳೆಣಿಕೆಯಷ್ಟು. ದಂಗೆಯ ಹಿಂದೆ ಕಮ್ಯುನಿಸ್ಟರಿದ್ದಾರೆಂದು ಅನೇಕರು ನಂಬಿದ್ದರು. ಆ ಪಕ್ಷವನ್ನು ನಿಷೇಧಿಸಬೇಕೆಂಬ ಕೂಗು ಎದ್ದಿತು. ಗೆದ್ದ ಬಣದ ಮೇಜರ್ ಮೆಲೊ ಅಂತುನೆಸ್ ಮರುದಿನ ಟೆಲಿವಿಷನ್‌ಗೆ ಬಂದು, ಕಮ್ಯುನಿಸ್ಟ್ ಪಕ್ಷದ ಪಾಲ್ಗೊಳ್ಳುವಿಕೆ ಇಲ್ಲದೆ ಈ ದೇಶದಲ್ಲಿ ಪ್ರಜಾಪ್ರಭುತ್ವ ಕಟ್ಟಲಾಗದು ಎಂದರು. ಅವರ ಪಾಳೆಯದಲ್ಲೇ ಅನೇಕರಿಗೆ ಅದು ಹಿಡಿಸಲಿಲ್ಲ. ಆದರೆ ಏಪ್ರಿಲ್ 25ರ ಬಂಡಾಯದಷ್ಟೇ ತೂಕ ಆ ಮಾತಿಗಿದೆ. ಐದು ದಿನ ಹಿಂದಷ್ಟೇ ಪಕ್ಕದ ಸ್ಪೇನಿನಲ್ಲಿ ಜನರಲ್ ಫ್ರಾಂಕೊ ಸತ್ತಿದ್ದರು; ಅಂತರ್ಯುದ್ಧ ಗೆದ್ದವರು ಸೋತವರನ್ನು ಏನು ಮಾಡುತ್ತಾರೆ ಎಂಬುದಕ್ಕೆ ಆ ದೇಶದ ಮೂವತ್ತಾರು ವರ್ಷಗಳೇ ಸಾಕ್ಷಿಯಾಗಿದ್ದವು. ಪೋರ್ಚುಗಲ್ ಆ ದಾರಿ ಹಿಡಿಯಲಿಲ್ಲ. ಸೋತವರು ಮತ್ತೆ ಸಾವೊ ಬೆಂಟೊಗೆ ಬಂದು ತಮ್ಮ ಆಸನಗಳಲ್ಲಿ ಕುಳಿತರು.

1976ರ ಏಪ್ರಿಲ್ 2ರಂದು ಸಂವಿಧಾನ ಅಂಗೀಕಾರವಾಯಿತು. ವಿರೋಧವಾಗಿ ಮತ ಹಾಕಿದ್ದು ಬಲಪಂಥೀಯ ಸೆಂಟರ್ ಪಕ್ಷ ಒಂದೇ. ಸಮಾಜವಾದದ ಕಡೆಗೆ ನಡೆಯುತ್ತೇವೆ ಎಂಬ ಮಾತು ಅದರಲ್ಲಿದ್ದುದು ಆ ಪಕ್ಷಕ್ಕೆ ಒಪ್ಪಿಗೆಯಾಗಿರಲಿಲ್ಲ. ಸಂವಿಧಾನ ಜಾರಿಗೆ ಬಂದ ದಿನವೇ, ಏಪ್ರಿಲ್ 25ರಂದು, ಮೊದಲ ಸಂಸತ್ ಚುನಾವಣೆ ನಡೆಯಿತು. ಆ ಪಕ್ಷವೂ ಸ್ಪರ್ಧಿಸಿ 42 ಸ್ಥಾನ ಪಡೆಯಿತು. ತಾನು ವಿರೋಧಿಸಿದ ಸಂವಿಧಾನದ ಅಡಿಯಲ್ಲೇ ಅದು ಎರಡು ವರ್ಷದೊಳಗೆ ಸರ್ಕಾರದಲ್ಲೂ ಪಾಲು ಪಡೆದದ್ದು ಗಮನಿಸಬೇಕಾದ ಸಂಗತಿ.

ಬೀಳುವ ಸರ್ಕಾರಗಳು

ಪೋರ್ಚುಗಲ್‌ನ ಚುನಾವಣಾ ಪದ್ಧತಿ ಭಾರತದಂತಲ್ಲ. ಇಲ್ಲಿ ಕ್ಷೇತ್ರಕ್ಕೊಬ್ಬರು, ಹೆಚ್ಚು ಮತ ಪಡೆದವರಿಗೆ ಗೆಲುವು. ಅಲ್ಲಿ ಒಂದೊಂದು ಜಿಲ್ಲೆಗೂ ಹಲವು ಸ್ಥಾನ. ಪಕ್ಷಗಳು ಪಡೆದ ಮತದ ಪ್ರಮಾಣದಲ್ಲಿ ಅವುಗಳನ್ನು ಹಂಚುತ್ತಾರೆ. ಭಾರತದಲ್ಲಿ ಕಾಂಗ್ರೆಸ್ ಯಾವ ಲೋಕಸಭಾ ಚುನಾವಣೆಯಲ್ಲೂ ಅರ್ಧದಷ್ಟು ಮತ ಪಡೆಯದೆಯೇ ಭಾರೀ ಬಹುಮತ ಗಳಿಸುತ್ತಿತ್ತು. ಅಲ್ಲಿ ಅದು ಕಷ್ಟ. 1976ರಲ್ಲಿ ಸೋಷಲಿಸ್ಟರು ಶೇ. 35ರಷ್ಟು ಮತ ಪಡೆದು 263ರಲ್ಲಿ 107 ಸ್ಥಾನ ಗೆದ್ದರು. ಸೋರೆಸ್ ಅಲ್ಪಮತದ ಸರ್ಕಾರ ರಚಿಸಿದರು. ಜೂನ್‌ನಲ್ಲಿ ಇಯಾನೆಸ್ ಶೇ. 61ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾಗಿದ್ದರು.

1977ರ ಡಿಸೆಂಬರ್‌ನಲ್ಲಿ ಸೋರೆಸ್ ವಿಶ್ವಾಸಮತ ಕೇಳಿ ಸೋತರು. ಎರಡು ವರ್ಷ ಹಿಂದೆ ಟ್ಯಾಂಕುಗಳು ತೀರ್ಮಾನಿಸುತ್ತಿದ್ದ ಪ್ರಶ್ನೆಯನ್ನು ಈ ಸಲ ಸದಸ್ಯರು ತೀರ್ಮಾನಿಸಿದರು. ಸರ್ಕಾರ ಬಿತ್ತು, ಬ್ಯಾರಕ್ಕಿನಿಂದ ಯಾರೂ ಹೊರಡಲಿಲ್ಲ. ಆಮೇಲೆ ಸರ್ಕಾರಗಳು ಬೀಳುತ್ತಲೇ ಇದ್ದವು. 1976ರಿಂದ 1987ರವರೆಗಿನ ಹನ್ನೊಂದು ವರ್ಷಗಳಲ್ಲಿ ಹತ್ತು ಸರ್ಕಾರಗಳು. 1979ರಲ್ಲಿ ಕೆಲವು ತಿಂಗಳು ಆಳಿದ ಮರಿಯಾ ದೆ ಲೂರ್ದೆಸ್ ಪಿಂಟಾಸಿಲ್ಗೊ ಆ ದೇಶದ ಮೊದಲ ಮಹಿಳಾ ಪ್ರಧಾನಿ. ಅದೇ ಡಿಸೆಂಬರ್‌ನಲ್ಲಿ ಸಾ ಕಾರ್ನೆರೊ ನೇತೃತ್ವದ ಬಲಪಂಥೀಯ ಮೈತ್ರಿಕೂಟ ಬಹುಮತ ಗಳಿಸಿ, ಬಂಡಾಯ ನಡೆಸಿದವರ ಮುಖ್ಯ ವಿರೋಧಿಗಳಿಗೆ ಅಧಿಕಾರ ಶಾಂತವಾಗಿ ಹಸ್ತಾಂತರವಾಯಿತು. ಮರುವರ್ಷ ಡಿಸೆಂಬರ್ 4ರಂದು ಸಾ ಕಾರ್ನೆರೊ ವಿಮಾನ ದುರಂತದಲ್ಲಿ ಸತ್ತರು. ಪ್ರಧಾನಿಯನ್ನು ಕಳೆದುಕೊಂಡ ಮೂರನೇ ದಿನ, ನಿಗದಿಯಾದಂತೆಯೇ, ಅಧ್ಯಕ್ಷ ಚುನಾವಣೆ ನಡೆಯಿತು.

ಸರ್ಕಾರಗಳು ಅಲುಗಾಡಿದರೆ ಪ್ರಜಾಸತ್ತೆಯೇ ಅಲುಗಾಡುತ್ತದೆ ಎನ್ನುವವರಿಗೆ ಈ ಹನ್ನೊಂದು ವರ್ಷಗಳು ಉತ್ತರ. ಅಲುಗಾಡದೆ ಕುಳಿತಿದ್ದ ಸರ್ಕಾರವೆಂದರೆ ಸಲಾಜಾರರದೇ.

ಆದರೂ ಒಂದು ಕೊಂಡಿ ಉಳಿದಿತ್ತು. ಕ್ರಾಂತಿ ಮಂಡಳಿಯ ಸೇನಾಧಿಕಾರಿಗಳು ಸಂಸತ್ತಿನ ಕಾನೂನು ಸಂವಿಧಾನಬದ್ಧವೇ ಎಂದು ತೂಗಿ ನೋಡುವ ಅಧಿಕಾರ ಇಟ್ಟುಕೊಂಡಿದ್ದರು. ಸೇನೆಯ ವಿಚಾರದಲ್ಲಂತೂ ಕಾನೂನು ಮಾಡುವವರೂ ಅವರೇ. 1982ರಲ್ಲಿ ಸೋಷಲಿಸ್ಟರೂ ಬಲಪಂಥೀಯ ಮೈತ್ರಿಕೂಟವೂ ಕೂಡಿ ಮೂರನೇ ಎರಡರಷ್ಟು ಬಹುಮತದಿಂದ ಸಂವಿಧಾನ ತಿದ್ದಿ ಮಂಡಳಿಯನ್ನು ರದ್ದುಮಾಡಿದರು. ಅದರ ಜಾಗದಲ್ಲಿ ಸಂವಿಧಾನ ನ್ಯಾಯಾಲಯ ಬಂತು. ಸೇನೆಯನ್ನು ಸರ್ಕಾರದ ಅಧೀನಕ್ಕೆ ತರುವ ರಕ್ಷಣಾ ಕಾಯ್ದೆಗೆ ಅಧ್ಯಕ್ಷ ಇಯಾನೆಸ್ ಸಹಿ ಹಾಕದೆ ಹಿಂದಿರುಗಿಸಿದರು. ಸಂಸತ್ತು ಮತ್ತೊಮ್ಮೆ ಅಂಗೀಕರಿಸಿತು. ಜನರಲ್ ಇಯಾನೆಸ್ ಒಪ್ಪಿಕೊಂಡರು. ಬಂದೂಕು ಹಿಡಿದು ಪ್ರಜಾಪ್ರಭುತ್ವ ತಂದವರು ಮತ ಎಣಿಸಿ ಹೊರಗೆ ಕಳಿಸಿದಾಗ ಸದ್ದಿಲ್ಲದೆ ಹೋದರು. ಹೂವಿನ ಚಿತ್ರಗಳಿರುವ ಪುಸ್ತಕಗಳಲ್ಲಿ ಈ ಅಧ್ಯಾಯಕ್ಕೆ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ.

1986ರ ಜನವರಿಯಲ್ಲಿ ಪೋರ್ಚುಗಲ್ ಐರೋಪ್ಯ ಸಮುದಾಯ ಸೇರಿತು. ಮರು ತಿಂಗಳು ಸೋರೆಸ್ ಅಧ್ಯಕ್ಷರಾಗಿ ಆಯ್ಕೆಯಾದರು, ಅರವತ್ತು ವರ್ಷಗಳಲ್ಲಿ ಸೇನೆಗೆ ಸೇರದ ಮೊದಲ ಚುನಾಯಿತ ಅಧ್ಯಕ್ಷ. ಕುನ್ಯಾಲ್ ತಮ್ಮ ಹಳೆಯ ಶಿಷ್ಯನಿಗೇ ಮತ ಹಾಕುವಂತೆ ಕಮ್ಯುನಿಸ್ಟರಿಗೆ ಹೇಳಿದ್ದರು. 1987ರಲ್ಲಿ ಕವಾಕೊ ಸಿಲ್ವಾ ಅವರ ಸೋಷಿಯಲ್ ಡೆಮಾಕ್ರಟ್ ಪಕ್ಷ ಒಂಟಿಯಾಗಿ ಬಹುಮತ ಗಳಿಸಿತು. ಮೊದಲ ಬಾರಿಗೆ ಸರ್ಕಾರವೊಂದು ಅವಧಿ ಪೂರೈಸಿತು.

ಆ ಶೇ. 91.7 ಮತ್ತೆಂದೂ ಬರಲಿಲ್ಲ. 2019ರಲ್ಲಿ ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ. 2025ರ ಮೇ ತಿಂಗಳ ಚುನಾವಣೆಯಲ್ಲಿ, 2019ರಲ್ಲಷ್ಟೇ ಹುಟ್ಟಿದ ತೀವ್ರ ಬಲಪಂಥೀಯ 'ಶೇಗಾ' ಪಕ್ಷ 60 ಸ್ಥಾನ ಗೆದ್ದು, ಸೋರೆಸ್ ಕಟ್ಟಿದ ಪಕ್ಷವನ್ನು 58ಕ್ಕೆ ಇಳಿಸಿತು. ಅದನ್ನು ಕಂಡು ಕಳವಳಪಟ್ಟವರು ಅಲ್ಲಿ ಕಡಿಮೆಯಿಲ್ಲ. ಅದರ ಸದಸ್ಯರೂ ಅದೇ ಸಾವೊ ಬೆಂಟೊದಲ್ಲಿ, ಕಮ್ಯುನಿಸ್ಟರು ಕೂರುವ ಸಭಾಂಗಣದಲ್ಲೇ ಕುಳಿತರು.

ಅದೇ ಸಭಾಂಗಣದಲ್ಲಿ 2015ರಲ್ಲಿ ಇನ್ನೊಂದು ಹೊಸ ಸಂಗತಿ ನಡೆದಿತ್ತು. 1976ರ ನಂತರ ಮೊದಲ ಬಾರಿಗೆ ಕಮ್ಯುನಿಸ್ಟರು ಸೋಷಲಿಸ್ಟ್ ಸರ್ಕಾರವೊಂದಕ್ಕೆ ಬೆಂಬಲ ಕೊಟ್ಟರು. ಪ್ರಧಾನಿಯಾದವರು ಆಂಟೋನಿಯೊ ಕೋಸ್ಟಾ. ಅವರ ತಂದೆ, ಸಾಹಿತಿ ಒರ್ಲಾಂಡೊ ದ ಕೋಸ್ಟಾ, ಗೋವಾದ ಮಡಗಾಂವಿನ ಮನೆತನದವರು. ಕಮ್ಯುನಿಸ್ಟರಾಗಿ ಸಲಾಜಾರರ ಪೊಲೀಸರಿಂದ ಬಂಧನಕ್ಕೊಳಗಾದವರು. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸ್ ಸಮಾವೇಶಕ್ಕೆ ಪ್ರಧಾನಿ ಕೋಸ್ಟಾ ಮುಖ್ಯ ಅತಿಥಿಯಾಗಿ ಬಂದರು. ಅದೇ ಪ್ರವಾಸದಲ್ಲಿ ಗೋವಾಕ್ಕೂ ಹೋಗಿ, ಮಡಗಾಂವಿನಲ್ಲಿ ತಂದೆಯ ಹಳೆಯ ಮನೆಯನ್ನೂ ಅಲ್ಲಿದ್ದ ಬಂಧುಗಳನ್ನೂ ಕಂಡರು.